ಹತ್ತು ಗುಲಗಂಜಿ ತೂಕದ ಗುಳಿಗೆ

ನಮ್ಮ ಯಜಮಾನರಿಗೆ ಅಫೀಮಿನ ರುಚಿ ಹತ್ತಿಸಿದವರು ಕೆಟ್ಟ ಗೆಳೆಯರಲ್ಲ, ನಮ್ಮತ್ತೆ. ಇಂಗ್ಲಿಷರು ಮೊದಲ ಸಲ ಪಟ್ಟಣವನ್ನು ಮುತ್ತಿದ ವರ್ಷ ಕೆಟ್ಟ ನೀರು ಕುಡಿದು ಯಜಮಾನರಿಗೆ ಭೇದಿ ಹತ್ತಿತು. ಉಳಿಯುವುದೇ ಅನುಮಾನ ಎನ್ನುವಾಗ ಅತ್ತೆ ಎಳ್ಳುಕಾಳಿನಷ್ಟು ಅಫೀಮನ್ನು ಬೆಲ್ಲದಲ್ಲಿ ಹುದುಗಿಸಿ ನುಂಗಿಸಿದರು. ಭೇದಿ ನಿಂತಿತು, ಅಫೀಮು ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಅದು ದಿನಕ್ಕೆ ಹತ್ತು ಗುಲಗಂಜಿ ತೂಕಕ್ಕೆ ಬಂದು ಮುಟ್ಟಿತ್ತು.

ನಾನು ದೇವಲಾಪುರದ ಬಡಗಿಗಳ ಮಗಳು. ಮದುವೆಯಾಗಿ ಬಂದದ್ದು ಶ್ರೀರಂಗಪಟ್ಟಣದ ಅಕ್ಕಸಾಲಿಗರ ಮನೆಗೆ. ಇಲ್ಲಿ ಚಿನ್ನ ತೂಗುವುದು ಗುಲಗಂಜಿ ಬೀಜವಿಟ್ಟು, ತ್ರಾಸಿನ ದಾರವನ್ನು ಕೈಯಲ್ಲೇ ಹಿಡಿದು. ಕೈ ನಡುಗಿದರೆ ತಟ್ಟೆಗಳು ಒಂದಕ್ಕೊಂದು ತಾಕಿ ಟಿಣ್ ಎನ್ನುತ್ತವೆ. ಬೆಳಗಿನ ಗುಳಿಗೆ ತಡವಾದ ದಿನ ಆ ಸದ್ದು ಅಡುಗೆಮನೆಗೂ ಕೇಳುತ್ತಿತ್ತು, ಗಿರಾಕಿಗಳಿಗೂ ಕೇಳುತ್ತಿತ್ತು. ಒಬ್ಬೊಬ್ಬರೇ ಬೇರೆ ಬೀದಿ ಹಿಡಿದರು. ನಾನು ಒಳಗೆ ಹಲ್ಲು ಕಡಿಯುತ್ತಿದ್ದೆ.

ಅಷ್ಟರಲ್ಲಿ ನಾದಿನಿಗೆ ನಾಗಮಂಗಲದ ಕಂಚಿನ ಕೆಲಸದವರ ಸಂಬಂಧ ಕೂಡಿಬಂತು. ಆ ಮನೆಯ ಹಿರಿಯರು ಕೇಳಿದ್ದು ಒಂದೇ: ತಾಳಿಯನ್ನು ಹುಡುಗಿಯ ಅಣ್ಣನೇ ಮಾಡಬೇಕು, ನಾವು ಎದುರಿಗೆ ಕೂತು ನೋಡುತ್ತೇವೆ. ತಾಳಿಗೆ ಕೈಹಾಕುವವನು ಮಿಂದು, ಅಗ್ಗಿಷ್ಟಿಕೆಗೆ ಪೂಜೆ ಮಾಡಿ, ಕೆಲಸ ಮುಗಿಯುವ ತನಕ ಬಾಯಿಗೆ ಹನಿ ನೀರೂ ಹಾಕಬಾರದು. ಅಫೀಮು ನುಂಗಿ ಮಾಡಿದ ತಾಳಿಯನ್ನು ಅವರು ಮುಟ್ಟುವುದಿಲ್ಲ. ನುಂಗದಿದ್ದರೆ ಇವರ ಕೈ ನಿಲ್ಲುವುದಿಲ್ಲ. ಹೇಗೆ ನೋಡಿದರೂ ಆ ಹುಡುಗಿಯ ಮದುವೆ ಮುರಿಯುವುದೇ. ಲಗ್ನಕ್ಕೆ ಪೂರಾ ಮೂರು ತಿಂಗಳೂ ಇರಲಿಲ್ಲ.

ಅತ್ತೆ ಮಗನನ್ನು ಕೂರಿಸಿಕೊಂಡು ಅಫೀಮಿನ ಭರಣಿಯನ್ನು ಕೇಳಿದರು. ತಂಗಿಯ ಮುಖ ನೋಡಿ ಯಜಮಾನರು ಕೊಟ್ಟರು, ಆದರೆ ಷರತ್ತು ಹಾಕಿದರು: ದಿನವೂ ಹತ್ತು ಗುಲಗಂಜಿ ತೂಗಿಯೇ ಕೊಡಬೇಕು, ಅರ್ಧ ಕಮ್ಮಿಯಾದರೂ ನಾನೇ ಹೋಗಿ ತರುತ್ತೇನೆ. ಹೊಳೆಯಾಚೆ ಒಬ್ಬ ಅಫೀಮನ್ನು ಹುಲ್ಲಿನ ಹೊರೆಯಲ್ಲಿಟ್ಟುಕೊಂಡು ಕದ್ದುಮುಚ್ಚಿ ಮಾರುತ್ತಿದ್ದ.

ನಾವಿಬ್ಬರು ಹೆಂಗಸರು ಜಾಣತನ ಮಾಡಲು ಹೋದೆವು. ಎಂಟು ದಿನಕ್ಕೊಮ್ಮೆ ಒಂದು ಗುಲಗಂಜಿಯಷ್ಟು ಅಫೀಮು ಕಳೆದು, ಅದರ ಬದಲಿಗೆ ಬೇವಿನೆಲೆಯನ್ನು ಹುಣಿಸೆ ತಿರುಳಿನೊಂದಿಗೆ ಅರೆದು ಒಣಗಿಸಿ ಸೇರಿಸಿದೆವು. ಬಣ್ಣ ಅದೇ, ಕಹಿ ಅದೇ, ತೂಕ ಅದೇ. ಅವರು ಆಕಳಿಸಿದರು, ಮೂಗು ಸೋರಿಸಿಕೊಂಡರು, ಕಾಲು ಸೆಳೆಯುತ್ತದೆ ಎಂದು ಗೊಣಗಿದರು. ನೆಗಡಿ ಎಂದೆ. ಸುಳ್ಳು ಇಷ್ಟು ಬೇಗ ರೂಢಿಯಾಗುತ್ತದಲ್ಲ ಎಂದು ನನಗೇ ಹೆದರಿಕೆಯಾಯಿತು.

ಇಪ್ಪತ್ತನೆಯ ದಿನವೋ ಏನೋ, ಗುಳಿಗೆಯನ್ನು ಬಾಯಿಗೆ ಹಾಕದೆ ಅಂಗೈಯಲ್ಲೇ ಹೊರಳಿಸಿದರು. ಎದ್ದು ಹೋಗಿ ತ್ರಾಸು ತಂದರು. ಹತ್ತು ಬೀಜಕ್ಕೆ ಸರಿಯಾಗಿ ತೂಗಿತು. ನಾನು ಉಸಿರು ಬಿಟ್ಟೆ.

"ತೂಕ ಸರ್ಯಾಗದೆ," ಎಂದರು. "ಇಷ್ಟ್ ದಪ್ಪ ಯಾಕದೆ?"

ತಾಮ್ರ ಬೆರೆಸಿದ ಚಿನ್ನವನ್ನು ಅಕ್ಕಸಾಲಿ ಅನುಮಾನಿಸುವುದೇ ಹೀಗೆ. ತೂಕ ಅಷ್ಟೇ ಇರುತ್ತದೆ, ಗಾತ್ರ ಹೆಚ್ಚಿರುತ್ತದೆ. ಬಡಗಿಯ ಮಗಳಿಗೆ ಹೊಳೆಯಲಿಲ್ಲ, ಹೋಗಲಿ. ಹುಟ್ಟಿದಾಗಿನಿಂದ ಚಿನ್ನದ ಪಕ್ಕದಲ್ಲೇ ಬೆಳೆದ ಅತ್ತೆಗೂ ಹೊಳೆಯಲಿಲ್ಲ.

ಅವರು ತ್ರಾಸನ್ನು ಗೋಡೆಗೆಸೆದು, ವಸ್ತ್ರ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ನಡೆದರು. ಅತ್ತೆ ಮುಂದೆ ಹೋಗಿ ಹೊಸಿಲ ಮೇಲೆ ಕೂತುಬಿಟ್ಟರು. ಮಗನ ಮುಖ ನೋಡಿದರೆ ದಾಟಿಯೇ ಹೋಗುವ ಹಾಗಿತ್ತು. ನಾನು ಕೈಗೆ ಸಿಕ್ಕ ಒನಕೆ ಹಿಡಿದು ನಿಂತಿದ್ದೆ, ಯಾರನ್ನು ಹೊಡೆಯುವುದಕ್ಕೋ ಈಗಲೂ ಗೊತ್ತಿಲ್ಲ.

"ಮೊದ್ಲು ತಿನ್ಸ್‌ದೋಳು ನಾನು ಕಣ್ಲಾ," ಎಂದರು ಅತ್ತೆ. "ಬುಡ್ಸೋಳೂ ನಾನೇ. ತುಳ್ಕಂಡು ಓಗಂಗಿದ್ರೆ ಓಗು."

ಯಜಮಾನರು ದಾಟಲಿಲ್ಲ. ಆಮೇಲೆ ಗೋಡೆಗೊರಗಿ ಕುಸಿದರು. ಅವರನ್ನು ಕೆರಳಿಸಿದ್ದು ಅಫೀಮು ಕಮ್ಮಿಯಾದದ್ದಲ್ಲ ಎಂದು ತಿಳಿದದ್ದು ಆಗ.

"ಮೂರ್ ತಲೆಮಾರಿಂದ ಈ ಮನೇಲಿ ಯಾರೂ ಬೆರಕೆ ಮಾಡಿಲ್ಲ ಕಣವ್ವ. ಕಮ್ಮಿ ಮಾಡ್ಬೇಕಾ, ನನ್ ಕಣ್ಮುಂದೆ ಕಮ್ಮಿ ಮಾಡಿ. ಬೆರಕೆ ಬ್ಯಾಡ."

ಸೊಟ್ಟಗಾದ ತಟ್ಟೆಯನ್ನು ಅವರೇ ತಟ್ಟಿ ಸರಿಮಾಡಿದರು. ಮೂರು ಬೀಜದಷ್ಟು ಆಗಲೇ ಇಳಿದಿತ್ತು; ಮರುದಿನದಿಂದ ಏಳು ಬೀಜ, ಬರೀ ಅಫೀಮು, ಮೂವರೂ ತ್ರಾಸಿನ ಸುತ್ತ. ಪ್ರತಿ ಎಂಟನೆಯ ದಿನ ಒಂದು ಬೀಜವನ್ನು ಅವರ ಕೈಯಿಂದಲೇ ತೆಗೆಸುತ್ತಿದ್ದೆವು. ತೆಗೆದ ಬೀಜವನ್ನು ಸಂಜೆಗೆ ವಾಪಸು ಹಾಕೆಂದು ನನ್ನ ಕಾಲು ಹಿಡಿದದ್ದೂ ಉಂಟು. ನಾನು ಕೊಡಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದರು, ನಾನೂ ಬಿಡದೆ ಬೈದೆ. ಅತ್ತೆ ಅಂಬಲಿ ಕುಡಿಸುತ್ತಿದ್ದರು, ವಾಂತಿ ಬಳಿಯುತ್ತಿದ್ದರು, ಹರಳೆಣ್ಣೆ ಹಚ್ಚಿ ಕಾಲು ತಿಕ್ಕುತ್ತಿದ್ದರು. ಒಪ್ಪಿಕೊಂಡ ಕೆಲಸ ನಿಲ್ಲಬಾರದೆಂದು ಅಚ್ಚಿನ ತೂತಿನಲ್ಲಿ ಚಿನ್ನದ ತಂತಿ ಎಳೆಯುವುದನ್ನು ನಾನು ಕಲಿತೆ, ಅಂಗೈಗೆ ಬೊಬ್ಬೆ ಬಂತು. ಕೊನೆಯ ಬೀಜ ತಟ್ಟೆಯಿಂದಿಳಿದಾಗ ತಾಳಿ ಮಾಡುವ ದಿನಕ್ಕೆ ಉಳಿದದ್ದು ಆರೇ ದಿನ.

ಆ ದಿನ ಬೆಳಿಗ್ಗೆ ನಾಗಮಂಗಲದವರು ಪಡಸಾಲೆಯಲ್ಲಿ ಸಾಲಾಗಿ ಕೂತರು. ಯಜಮಾನರು ಮಿಂದು, ಪೂಜೆ ಮುಗಿಸಿ, ತ್ರಾಸಿನ ದಾರ ಎತ್ತಿದರು. ನಾವು ಕದದ ಹಿಂದಿದ್ದೆವು. ಅತ್ತೆಯ ಉಗುರು ನನ್ನ ಮಣಿಕಟ್ಟಿಗೆ ನಾಟಿತ್ತು. ಟಿಣ್ ಎಂದಿತು. ಅವರು ತ್ರಾಸನ್ನು ಕೆಳಗಿಟ್ಟು, ಮೊಣಕೈಯನ್ನು ಮಂಡಿಗೆ ಊರಿ, ಮತ್ತೆ ಎತ್ತಿದರು. ಈ ಸಲ ಇದ್ದಿಲು ಚಿಟಿಗುಟ್ಟುವುದು ಬಿಟ್ಟರೆ ಮತ್ತೇನೂ ಕೇಳಲಿಲ್ಲ. ನಾಗಮಂಗಲದ ಹಿರಿಯರು ಕೈ ಚೆನ್ನಾಗಿದೆ ಎಂದರು.

ತಾಳಿ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಅವರು ಬೆವರಿ ತೊಪ್ಪೆಯಾಗಿ ಅಡುಗೆಮನೆಗೆ ಬಂದರು, ಬಂದವರೇ ದಿನದ ಅಭ್ಯಾಸದಂತೆ ನನ್ನ ಮುಂದೆ ಅಂಗೈ ಚಾಚಿದರು. ಇನ್ನು ಗುಳಿಗೆ ಇಲ್ಲವೆಂದು ಚಾಚಿದ ಮೇಲೆ ಅವರಿಗೇ ಗೊತ್ತಾಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅತ್ತೆ ಡಬರಿಯಿಂದ ಒಂದು ಚೂರು ಬೆಲ್ಲ ಮುರಿದು ಆ ಅಂಗೈಯಲ್ಲಿಟ್ಟರು.

"ಬರೀ ಬೆಲ್ಲ ಕಣ್ಲಾ," ಎಂದರು.

ಅವರು ಅದನ್ನು ಒಂದು ಸಲ ಹೊರಳಿಸಿ, ಗಾತ್ರ ನೋಡಿ, ಬಾಯಿಗೆ ಹಾಕಿಕೊಂಡರು.