ಐಸಿನ ಸುದ್ದಿ ತರುತ್ತಿದ್ದವರು

ಹೊನ್ನಾವರ ಬಂದರಿನಲ್ಲಿ ನನ್ನ ಮೀನು ವ್ಯಾಪಾರಕ್ಕೆ ಸುದ್ದಿ ತರುತ್ತಿದ್ದವರು ಒಬ್ಬ ಹಳೆಯ ದಲ್ಲಾಳಿ. ಬೇರೆಯವರ ಮೀನಿನತ್ತ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಬೀಡಿ ಸೇದುತ್ತ ಕೂತು, ಯಾರ ಗಾಡಿಗೆ ಎಷ್ಟು ಐಸ್ ಗಡ್ಡೆ ಹೋಯಿತೆಂದು ನೋಡಿ ಫೋನ್ ಮಾಡುತ್ತಿದ್ದರು. "ಬಾಯಿ ಸುಳ್ಳು ಹೇಳ್ತದೆ, ಐಸ್ ಹೇಳುದಿಲ್ಲ ಸಾವ್ಕಾರ್ರೆ."

ಒಂದು ಬೆಳಿಗ್ಗೆ ಹೇಳಿದರು, "ನಿಮ್ಮ ಎದುರಿನಂಗಡಿಯವ ಗಾಡಿ ತುಂಬ ಐಸ್ ಒಯ್ದ. ರಾಶಿ ಮೀನು ಬಂದಿರ್ಬೇಕು."

ಅವನು ಇಳಿಸುವ ಮೊದಲೇ ನಾನು ದರ ಇಳಿಸಿ ಅವನ ಗಿರಾಕಿಗಳನ್ನೆಲ್ಲ ಸೆಳೆದುಕೊಂಡೆ. ಮಧ್ಯಾಹ್ನ ಗೊತ್ತಾಯಿತು, ಅವನ ಹೆಂಡತಿ ತೀರಿಹೋಗಿದ್ದಳು. ಮುಂಬಯಿಯಿಂದ ಮಗಳು ಬರುವ ತನಕ ಹೆಣ ಕೆಡದಿರಲೆಂದು ಒಯ್ದ ಐಸ್ ಅದು.

ಸಂಜೆ ದಲ್ಲಾಳಿ ನನ್ನ ಅಂಗಡಿ ಮೆಟ್ಟಿಲ ಮೇಲೆ ಬಂದು ಕೂತರು. ಬೀಡಿ ಹಚ್ಚಲಿಲ್ಲ.

"ಐಸ್ ಸುಳ್ಳು ಹೇಳ್ಲಿಲ್ಲ ಸಾವ್ಕಾರ್ರೆ. ಎಂತಕ್ಕೆ ಅಂತ ನಾನೇ ಕೇಳ್ಲಿಲ್ಲ."

ನಾನೂ ಕೇಳಿರಲಿಲ್ಲ.