ಒಂಬತ್ತು ಸೊನ್ನೆ ಹಾಕಿದ ಅಕ್ಕ

ಉತ್ತರಪತ್ರಿಕೆ ತಿದ್ದಲು ಕೂರುವ ಮೊದಲು ನನ್ನ ಅಕ್ಕ ಅಂಗಳದ ಹಗ್ಗದಿಂದ ಬಟ್ಟೆಯ ಕ್ಲಿಪ್ಪುಗಳನ್ನು ಕಿತ್ತು ತರುತ್ತಿದ್ದಳು. ಹೆಸರಿದ್ದ ಹಾಳೆಯನ್ನು ಮಡಚಿ, ಕ್ಲಿಪ್ಪು ಸಿಕ್ಕಿಸಿ, ಆಮೇಲೆಯೇ ಕೆಂಪು ಪೆನ್ನು ಹಿಡಿಯುವುದು. ನನ್ನ ಅಂಗಿ ಮಣ್ಣಿಗೆ ಬಿದ್ದಿರುತ್ತಿತ್ತು. ಬೈದರೆ, "ಹೆಸರು ಕಂಡರೆ ಕೈ ಸಡಿಲ ಆಗ್ತದೆ ಮಾರಾಯ. ಅಂಗಿ ಇನ್ನೊಮ್ಮೆ ಒಗೆದರಾಯ್ತು" ಎನ್ನುತ್ತಿದ್ದಳು.

ಅವಳು ಪುತ್ತೂರಿನ ಒಂದು ಕಾಲೇಜಿನಲ್ಲಿ ಎಂ.ಎ. ತರಗತಿಗೆ ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಕರೆದರೆ ಕೆಲಸ, ಕರೆಯದಿದ್ದರೆ ಇಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಒಮ್ಮೆ ಒಬ್ಬ ಹುಡುಗಿಯ ತಂದೆ ಅಂಕ ಕೇಳಿಕೊಂಡು ನರಿಮೊಗರಿನ ನಮ್ಮ ಮನೆಗೇ ಬಂದರು. ಅಕ್ಕ ಚಹಾ ಕೊಟ್ಟು ಹೇಳಿದಳು: "ಸಕ್ಕರೆ ಎಷ್ಟು ಬೇಕಾದರೂ ಹಾಕ್ತೇನೆ ಮಾರಾಯ್ರೆ. ಅಂಕ ಅವಳು ಬರೆದಷ್ಟೇ."

ಆ ವರ್ಷ ಒಂಬತ್ತು ಮಕ್ಕಳ ಪ್ರಾಜೆಕ್ಟ್ ವರದಿಗಳನ್ನು ಓದುತ್ತಾ ಜೋರಾಗಿ ನಗತೊಡಗಿದಳು. "ಕೇಳು ಇಲ್ಲಿ. ಹೆಸರು ಬೇರೆ, ಊರು ಬೇರೆ, ಕೃತಜ್ಞತೆ ಮಾತ್ರ ಎಲ್ಲರದ್ದೂ ರಾಮಕುಂಜದ ಅಜ್ಜಿ ಕಮಲಮ್ಮನಿಗೆ. ನಮ್ಮ ಕ್ಲಾಸಿನ ಹನೀಫನಿಗೂ ಅವಳೇ ಅಜ್ಜಿಯಂತೆ!" ನಗು ನಿಂತ ಮೇಲೆ ಒಂಬತ್ತಕ್ಕೂ ಸೊನ್ನೆ ಹಾಕಿದಳು.

ನನಗೆ ನಗಲಾಗಲಿಲ್ಲ. ಆ ವರದಿಗಳು ನನ್ನ ಅಂಗಡಿಯವು. ಹಿಂದೆ ಯಾರೋ ಟೈಪು ಮಾಡಿಸಿದ್ದು ಕಂಪ್ಯೂಟರಿನಲ್ಲಿ ಉಳಿದಿತ್ತು. ಹೆಸರು, ಊರು ಬದಲಿಸಿ, ಬೈಂಡು ಹಾಕಿ ಮಾರುತ್ತಿದ್ದೆ. ಉಳಿದದ್ದನ್ನು ಓದಿದವನಲ್ಲ. ಯಾರ ವಿದ್ಯಾರ್ಥಿಗಳೆಂದು ಕೇಳಿದವನೂ ಅಲ್ಲ.

ಎಲ್ಲಿ ಮಾಡಿಸಿದ್ದೆಂದು ತೋರಿಸಿ, ಇಲ್ಲವೇ ಅಂಕ ಹಾಕಿ ಎಂದರಂತೆ ಪ್ರಾಂಶುಪಾಲರು. ಮಕ್ಕಳು ಬಾಯಿ ಬಿಡಲಿಲ್ಲ. ಅಕ್ಕ ನನ್ನನ್ನು ಕೇಳಿದಳು.

"ಪೇಟೆಯ ಅಂಗಡಿಯವರೆಲ್ಲ ನಿನಗೆ ಗೊತ್ತುಂಟಲ್ಲ. ಯಾರ ಕೆಲಸ ಇದು?"

"ನನಗೆಂತ ಗೊತ್ತು ಅಕ್ಕ?" ಎಂದೆ.

ಅವಳು ಅಂಕ ಹಾಕಲಿಲ್ಲ. ಬೇರೆಯವರು ಹಾಕಿದರು. ಒಂಬತ್ತು ಮಂದಿಯೂ ಪ್ರಥಮ ದರ್ಜೆಯಲ್ಲಿ ಪಾಸು. ಮರುವರ್ಷ ಅಕ್ಕನಿಗೆ ಕರೆ ಬರಲಿಲ್ಲ. ಅರ್ಜಿ ಹಾಕಿದ್ದ ಕಡಬದ ಕಾಲೇಜಿನಿಂದಲೂ ಬರಲಿಲ್ಲ. ಸುಳ್ಯದ ಬಟ್ಟೆಯಂಗಡಿಯೊಂದಕ್ಕೆ ಸೇರಿ ಅಲ್ಲೇ ಕೋಣೆ ಹಿಡಿದಳು. ಭಾನುವಾರ ಮಾತ್ರ ಮನೆಗೆ ಬರುತ್ತಿದ್ದಳು.

ಹೀಗೇ ಒಂದು ಭಾನುವಾರ ಅವಳನ್ನು ಕರೆತರಲು ನಾನೇ ಹೋದೆ. ಸುಳ್ಯದ ಬಸ್ ನಿಲ್ದಾಣದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಈಗಲೂ ಮಾಡ್ತಿದ್ದೀಯಾ?" ಎಂದು ಕೇಳಿದಳು.

ಹಿಂದಿನ ದಿನವಷ್ಟೇ ಮೂರು ವರದಿಗಳಿಗೆ ಬೈಂಡು ಹಾಕಿಟ್ಟು ಬಂದಿದ್ದೆ. ನಾನು ಬಸ್ಸು ಬರುವ ದಾರಿ ನೋಡಿದೆ. ಪುತ್ತೂರಿನ ಬಸ್ಸು ಬಂತು.

"ನೀನು ಹೋಗು" ಎಂದಳು.

ಆಮೇಲೆ ಯಾವ ಭಾನುವಾರವೂ ಅವಳು ಬಂದಿಲ್ಲ. ನಾನು ಆ ಕೆಲಸ ಬಿಟ್ಟೂ ಇಲ್ಲ.