ಗೇಟಿನ ಹೊರಗೆ ನಂಜಿ ಅತ್ತೆ

ಪರೀಕ್ಷೆಗೆ ಒಳಗೆ ಹೋದ ಹುಡುಗಿಯರ ಮೂಗುತಿ, ಓಲೆ, ಗೆಜ್ಜೆ, ತಲೆಪಿನ್ನು ಎಲ್ಲವೂ ನಂಜಿ ಅತ್ತೆಯ ಮಡಿಲಲ್ಲಿರುತ್ತಿದ್ದವು. ಡಾಕ್ಟರ್ ಸೀಟಿನ ಪ್ರವೇಶ ಪರೀಕ್ಷೆ ಬರೆದವರಿಗೆ ಗೊತ್ತು, ಗೇಟಿನಲ್ಲಿ ಅದನ್ನೆಲ್ಲ ಬಿಚ್ಚಿಸಿಯೇ ಒಳಗೆ ಬಿಡುತ್ತಾರೆ. ಕೊಯಮತ್ತೂರಿನ ಮೇ ತಿಂಗಳ ಬಿಸಿಲಲ್ಲಿ, ನೀಲಗಿರಿಯ ಬಡಗ ಹೆಂಗಸರ ಬಿಳಿ ಮುಂಡು ಉಟ್ಟು, ಬಿಳಿ ಹೊದಿಕೆ ಹೊದ್ದು, ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತ ಅವರನ್ನು ಕಂಡರೆ ಗುರುತಿಲ್ಲದ ತಾಯಂದಿರೂ ಮಕ್ಕಳ ಓಲೆ ತಂದು ಕೊಟ್ಟುಬಿಡುತ್ತಿದ್ದರು. ಸಂಜೆ ಹುಡುಗಿಯರೇ ಬಂದು ತಮ್ಮದನ್ನು ಆರಿಸಿಕೊಳ್ಳಬೇಕು. ಒಂದು ಸಲವೂ ಜಗಳವಾಗಿದ್ದಿಲ್ಲ.

"ಇಷ್ಟು ಚೂರು ಮೂಗುತೀಲಿ ಏನ್ ಉತ್ತರ ಬರ್ಕೊಂಡು ಹೋಗೋಕಾಗುತ್ತೆ ಸಾರ್? ನಂಗೂ ಸ್ವಲ್ಪ ಹೇಳ್ಕೊಡಿ" ಎಂದು ಅತ್ತೆ ಕಾವಲಿನವನನ್ನು ಕೇಳಿ ಅವನ ಬಾಯಿ ಮುಚ್ಚಿಸಿದ್ದನ್ನು ನಾನೇ ನೋಡಿದ್ದೇನೆ.

ಅವರು ನಮಗೆ ನೆಂಟರಲ್ಲ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಹತ್ತಿರದ ಸೋಲೂರಿನಲ್ಲಿ ದಿನಸಿ ಅಂಗಡಿ ಇಟ್ಟಾಗಿನಿಂದ ಅಂಗಡಿಯ ಹಿಂದಿನ ಮನೆ ಅವರದು, ಅದರ ಹಿಂದೆ ಅವರದೇ ಚೂರು ಟೀ ತೋಟ. ಅಮ್ಮ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದು ಅವರೇ. ನಮ್ಮೊಡನೆ ಮಾತಾಡುವಾಗ ಬಡಗು ನುಡಿಗೆ ಅಂಗಡಿಯ ಕನ್ನಡ ಬೆರೆಸುತ್ತಿದ್ದರು. ಇಪ್ಪತ್ತರ ಹುಡುಗಿಯನ್ನೂ ಕೂಸೇ ಎಂದೇ ಕರೆಯುತ್ತಿದ್ದರು.

ಧೈರ್ಯ ಹೇಳಲು ವರ್ಷವೂ ಊರಿನ ಹುಡುಗಿಯರ ಜೊತೆಗೆ ಬರುವ ಅತ್ತೆಗೆ ಘಾಟಿ ರಸ್ತೆ ಮಾತ್ರ ಆಗಿಬರುತ್ತಿರಲಿಲ್ಲ. ನಾವು ಮೂವರು ಹುಡುಗಿಯರು ಪರೀಕ್ಷೆಗೆ ಹೋದ ವರ್ಷವೂ ಅಷ್ಟೆ, ಕೂನೂರು ದಾಟಿದ್ದೇ ತಡ, ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು, "ಈ ರೋಡ್ ಹಾಕ್ದವ್ನು ನೆಟ್ಟಗೆ ನಡೆಯೋನೇ ಅಲ್ಲ" ಎಂದು ಬೈಯುತ್ತ ಬಸ್ಸಿನ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿದರು. ಒಬ್ಬಳು ಅವರ ತಲೆ ಹಿಡಿದುಕೊಂಡಳು, ಒಬ್ಬಳು ಬೆನ್ನು ನೀವಿದಳು, ನಾನು ನೀರು ಕುಡಿಸಿದೆ. ಮೆಟ್ಟುಪಾಳ್ಯ ಬರುವ ಹೊತ್ತಿಗೆ ಪರೀಕ್ಷೆಯ ನೆನಪೇ ಇರಲಿಲ್ಲ.

ಗೇಟಿನ ಹತ್ತಿರ ನೆನಪಾಯಿತು. ಗೇಟು ಮುಚ್ಚುವ ಹೊತ್ತು ಬಂದರೂ ನನ್ನ ಮೂಗುತಿ ಬಿಚ್ಚಲೊಲ್ಲದು. ನಾನು ಅಳತೊಡಗಿದೆ. ಅತ್ತೆ ಊಟದ ಡಬ್ಬಿ ತೆರೆದು, ಪಲ್ಯದ ಮೇಲಿನ ಎಣ್ಣೆಯನ್ನು ಬೆರಳಲ್ಲಿ ಎತ್ತಿ ಮೂಗಿಗೆ ಸವರಿ ತಿರುಗಿಸಿದರು. ಮೂಗುತಿ ಬಂತು, ಖಾರಕ್ಕೆ ಕಣ್ಣಲ್ಲಿ ನೀರೂ ಬಂತು. ಪರೀಕ್ಷೆ ಮುಗಿಯುವವರೆಗೂ ಬೆಳ್ಳುಳ್ಳಿ ಘಮ ಕುಡಿಯುತ್ತ ಕೂತಿದ್ದೆ. ಪ್ರಶ್ನೆಪತ್ರಿಕೆ ಬಿಡಿಸಿದಾಗ ಕೈ ಬೆವರಿ, ಬಾಯಿ ಒಣಗಿ, ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹೊರಗೆ ಬಂದಾಗ ಬೇರೆಯವರ ಮನೆಯವರೆಲ್ಲ "ಹೇಗಿತ್ತು, ಹೇಗಿತ್ತು" ಎನ್ನುತ್ತಿದ್ದರೆ ಅತ್ತೆ ಕೇಳಿದ್ದು ಒಂದೇ, "ಹಸಿವಾ ಕೂಸೇ?"

ಫಲಿತಾಂಶ ಬಂತು. ಸೀಟಿಗೆ ಬೇಕಾದ ಅಂಕ ಎಲ್ಲೋ, ನಾನೆಲ್ಲೋ. ಅಪ್ಪ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅಂಗಡಿಗೆ ಬಂದವರಿಗೆಲ್ಲ ಬೇಳೆ ತೂಗುತ್ತ, "ಇನ್ನೊಂದು ಸಲ ಬರೀತಾಳೆ, ಈ ಸಲ ಒಂದೇ ಏಟಿಗೆ" ಎಂದು ಹೇಳತೊಡಗಿದರು. ಒಳಗೆ ಕೂತ ನನಗೆ ಅದು ಕೇಳಿಸಿದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಮುಂದಿನ ಸೋಮವಾರ ಕೊಯಮತ್ತೂರಿನ ಹಾಸ್ಟೆಲಿಗೆ ಹೋಗಿ ಒಂದು ವರ್ಷದ ಕೋಚಿಂಗ್ ಸೇರಬೇಕು. ಊಟಿಯ ಕಾಲೇಜಿನಲ್ಲಿ ಗಣಿತಕ್ಕೆ ಸೀಟು ಸಿಕ್ಕಿತ್ತು, ಸೇರಲು ಕೊನೆಯ ದಿನವೂ ಅದೇ ಸೋಮವಾರ. ರಾತ್ರಿ ಬರೆಯೋಣ ಅನ್ನಿಸುವುದು, ಬೆಳಿಗ್ಗೆ ಎದ್ದರೆ ಬೇಡ. ತಲೆ ಚಿಟ್ಟು ಹಿಡಿದು ಅತ್ತೆಯ ತೋಟಕ್ಕೆ ಹೋದೆ.

ಜಡಿಮಳೆ. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಎಲೆ ಕೀಳುತ್ತಿದ್ದರು.

"ಅತ್ತೆ, ಬರೀಲಾ ಬೇಡವಾ? ನೀವು ಹೇಳಿದ ಹಾಗೆ ಮಾಡ್ತೀನಿ."

"ನಾ ಹೇಳೋದಿಲ್ಲೆ."

ನನಗೆ ರೇಗಿತು. "ಊರಿನ ಹುಡುಗೀರನ್ನೆಲ್ಲ ಕರ್ಕೊಂಡು ಹೋಗ್ತೀರಿ, ಒಂದು ಮಾತು ಹೇಳೋಕೆ ಏನಂತೆ?"

ಕೈ ನಿಲ್ಲಿಸಿದರು. ಕೊಯಮತ್ತೂರಿನಲ್ಲಿ ಮೆಡಿಕಲ್ ಶಾಪಿನ ಕೆಲಸದಲ್ಲಿರುವ ತಮ್ಮ ಮಗಳ ವಿಷಯ ಮೊದಲ ಸಲ ಎತ್ತಿದರು. "ಅವಳಿಗೆ ಹೇಳಿದ್ದೆ. ಬರಿ, ಬರಿ ಅಂತ ಮೂರು ಸಲ ಬರ್ಸಿದೆ. ಮೊದಲ್ನೇ ಸಲ ಗೇಟಲ್ಲಿ ನನ್ನ ಕೈ ಬಿಡ್ಲಿಲ್ಲೆ. ಮೂರನೇ ಸಲ ತಿರುಗೀನೂ ನೋಡ್ಲಿಲ್ಲೆ. ಈಗ ಹಬ್ಬಕ್ಕೆ ಬರ್ತಾಳೆ, ಉಂಡು ಹೋಗ್ತಾಳೆ. ಎಲೆ ಬಂದಾಗ ಕೀಳ್ಬೇಕು ಕೂಸೇ, ಬರ್ಲಿಲ್ಲೆ ಅಂತ ಗಿಡದ ಹತ್ರ ಜಗಳ ಆಡ್ಬಾರ್ದು. ನಾ ಆಡ್ದೆ."

ನಾನೂ ಎರಡು ಎಲೆ ಕಿತ್ತು ಅವರ ಬುಟ್ಟಿಗೆ ಹಾಕಿದೆ. "ಬಲ್ತ ಎಲೆ ಅದು, ಫ್ಯಾಕ್ಟ್ರಿಯವ್ನು ನನ್ನ ಮುಖಕ್ಕೆ ಎಸೀತಾನೆ" ಎಂದು ತೆಗೆದು ಬಿಸಾಡಿದರು.

ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು, "ನಾಳೆ ಬೆಳಿಗ್ಗೆ ಡಾಕ್ಟ್ರು ಸೀಟು ಸಿಕ್ತು ಅಂತ ಫೋನ್ ಬಂತು ಅಂತ ಇಟ್ಕೋ. ಏನನ್ಸುತ್ತೆ?"

"ಅಬ್ಬಾ, ಇನ್ನು ಪರೀಕ್ಷೆ ಬರೀಬೇಕಾಗಿಲ್ಲ ಅನ್ಸುತ್ತೆ."

"ಆಮೇಲೆ?"

ಆಮೇಲೆ ಏನೂ ಇರಲಿಲ್ಲ. ಬಿಳಿ ಕೋಟಿಲ್ಲ, ರೋಗಿಯಿಲ್ಲ. ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದುದು ಮಾತ್ರ ಕಂಡಿತು.

"ಹೆದ್ರಿ ಪರೀಕ್ಷೆ ಬಿಟ್ರೆ ಆ ಹೆದ್ರಿಕೆ ಮನೆ ತನಕ ಬರುತ್ತೆ, ಅದಕ್ಕೆ ಬರೀಲೇಬೇಕು," ಅಂದರು ಅತ್ತೆ. "ಬೇಡ ಅಂತ ಬಿಟ್ರೆ ಅದು ಬೇರೆ. ನಿಂದು ಯಾವ್ದು ಅಂತ ನನಗ್ ಹೇಳ್ಬೇಡ. ನಿನಗೆ ಗೊತ್ತಾದ್ರೆ ಸಾಕು."

ಆ ವಾರವೆಲ್ಲ ನಾನು ಸರಿಯಾಗಿ ಉಣ್ಣಲಿಲ್ಲ. ನನ್ನದು ಹೆದರಿಕೆಯೇ ಇರಬಹುದು, ಬೇಡ ಅನ್ನುವುದು ಅದಕ್ಕೆ ಹೊದಿಸಿದ ಮುಸುಕಿರಬಹುದು ಎಂದು ಜೀವ ಹಿಂಡಿಹೋಯಿತು. ಹಳೆಯ ಪ್ರಶ್ನೆಪತ್ರಿಕೆ ತೆಗೆದು ಕೂತೆ. ಕೈ ಬೆವರಲಿಲ್ಲ, ಬಾಯಿ ಒಣಗಲಿಲ್ಲ. ಭೌತಶಾಸ್ತ್ರದ ಲೆಕ್ಕಗಳನ್ನು ಆಸೆಯಿಂದ ಬಿಡಿಸಿದೆ. ಜೀವಶಾಸ್ತ್ರದ ಪುಟ ಬಂದಾಗ ಹೆದರಿಕೆ ಆಗಲಿಲ್ಲ, ಆಕಳಿಕೆ ಬಂತು. ಶುಕ್ರವಾರ ಸಂಜೆ ಅತ್ತೆಯ ಅಡುಗೆಮನೆಗೆ ಹೋಗಿ ಬೇಡ ಅಂದೆ.

ಅವರು ಒಲೆಯ ಮುಂದೆ ಕೂತವರು ಜೋರಾಗಿ ನಕ್ಕರು. "ಸರಿ ಬಿಡು, ಬರೋ ವರ್ಷ ನನಗೊಂದು ವಾಂತಿ ಉಳೀತು."

"ಅಪ್ಪನಿಗೆ ಹೇಗೆ ಹೇಳೋದು? ನನ್ನ ಕೈಲಾಗಲ್ಲ ಅತ್ತೆ."

"ಭಾನುವಾರ ಅಂಗಡಿ ಮುಚ್ಚಿದ ಮೇಲೆ ನಾ ಬರ್ತೀನಿ. ಪಕ್ಕದಲ್ಲಿ ನಿಂತಿರ್ತೀನಿ. ಮಾತು ನಿಂದೇ."

ಶನಿವಾರ ಬೆಳಿಗ್ಗೆ ಅತ್ತೆ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಮಗಳು ಮಧ್ಯಾಹ್ನದ ಬಸ್ಸಿಗೆ ಬಂದವಳು, ತಾಯಿಯ ಕೈ ಹಿಡಿದು ಕೂತಳು. ಎತ್ತುವ ಹೊತ್ತಿಗೆ ಬಿಡಿಸುವುದೇ ಕಷ್ಟವಾಯಿತು. ನನಗೆ ಅಳು ಬಂತು, ಅದರ ಜೊತೆಗೇ ಭಾನುವಾರದ ಭಯವೂ ಬಂತು. ಸತ್ತವರ ಮುಂದೆ ನಿಂತು ನನ್ನ ಚಿಂತೆ ನನಗೆ ಎಂದು ನಾಚಿಕೆಯೂ ಆಯಿತು.

ಎಲ್ಲ ಮುಗಿಸಿ ನಾನು, ಅಪ್ಪ ಮಂಜಿನಲ್ಲಿ ಮನೆ ಕಡೆ ನಡೆದೆವು. ಅಪ್ಪನೂ ಅತ್ತಿದ್ದರು. ಅಂಗಡಿಯ ತಿರುವಿನಲ್ಲಿ ಮೂಗೊರೆಸಿಕೊಂಡು, "ಇನ್ನು ಬರೋ ಸಲ ನಿನ್ನ ಜೊತೆ ಯಾರಮ್ಮ ಹೋಗ್ತಾರೆ?" ಅಂದರು.

"ನಾನು ಬರೆಯಲ್ಲಪ್ಪ. ನನಗೆ ಬೇಡ."

ಅಪ್ಪ ನಿಂತರು. "ದುಃಖದಲ್ಲಿ ಏನೇನೋ ಹೇಳ್ಬೇಡ ಕಣವ್ವ. ಬಾ, ನಾಳೆ ಮಾತಾಡಣ."

ನಾನು ಪಕ್ಕಕ್ಕೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ, ಬೇಡ ಎಂದು ಹೇಳಿದೆ.